ಕೂಸು ತರಬ್ಯಾಡ ಅಂದವಳು ನಾನೇ

ನಮ್ಮ ಶಾಲೆಯ ಬಾಗಿಲ ಪಕ್ಕದ ಗೋಡೆಗೆ ಒಂದು ಸಣ್ಣ ಕಪ್ಪು ಹಲಗೆ ಇದೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ಎರಡೇ ಪದ: ದಾಖಲಾತಿ, ಹಾಜರಾತಿ. ದಿನಾ ಪ್ರಾರ್ಥನೆ ಮುಗಿದ ಮೇಲೆ ಅವುಗಳ ಮುಂದೆ ಸೀಮೆಸುಣ್ಣದಿಂದ ಅಂಕಿ ಬರೆಯಬೇಕು. ಪುಸ್ತಕದಲ್ಲಿ ಎಷ್ಟು ಮಕ್ಕಳ ಹೆಸರಿದೆ, ಇವತ್ತು ಎಷ್ಟು ಮಕ್ಕಳು ಬಂದಿದ್ದಾರೆ, ಅಷ್ಟೇ. ಎರಡೂ ಅಂಕಿ ಒಂದೇ ಆದ ದಿನ ನನಗೆ ಬಿಸಿಯೂಟದ ಸಾಂಬಾರೂ ರುಚಿಯಾಗಿರುತ್ತದೆ. ಒಂದು ಕಡಿಮೆಯಾದರೂ ನನ್ನ ಮುಖ ಊದಿಕೊಳ್ಳುತ್ತದೆ. ಹಾಜರಾತಿಯ ಹುಚ್ಚು ಹಿಡಿದಿದೆ ಈ ಮೇಡಮ್ಮಿಗೆ ಅಂತ ಹೆಡ್‌ಮಾಸ್ತರು ನನ್ನ ಎದುರೇ ಹೇಳುತ್ತಿದ್ದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ನಾನು ಹೊಸಪೇಟೆಯವಳು ಅಂತಲೇ ಎಲ್ಲರೂ ತಿಳಿದಿದ್ದಾರೆ, ಮನೆ ಅಲ್ಲಿದೆ. ಹುಟ್ಟಿದ್ದು ಸಂಡೂರಿನ ಗುಡ್ಡದ ಬುಡದ ಒಂದು ಹಳ್ಳಿಯಲ್ಲಿ. ಕೆಲಸ ಕಂಪ್ಲಿ ರಸ್ತೆಯಲ್ಲಿ, ಬುಕ್ಕಸಾಗರ ದಾಟಿದ ಮೇಲೆ ಕ್ರಾಸಿನಲ್ಲಿ ಇಳಿದು ಗದ್ದೆಗಳ ನಡುವೆ ಒಳಗೆ ನಡೆದರೆ ಸಿಗುವ ಒಂದು ಊರಲ್ಲಿ. ಒಂದರಿಂದ ಐದನೇ ತರಗತಿ, ಎರಡು ಕೋಣೆ, ಮುಂದೆ ಒಂದು ವರಾಂಡ, ವರಾಂಡಕ್ಕೆ ನೆರಳು ಕೊಡುವ ಒಂದು ಬೇವಿನ ಮರ. ಮಾಸ್ತರು ಒಬ್ಬರು, ನಾನೊಬ್ಬಳು. ಈಗ ನಾನು ಹೇಳುತ್ತಿರುವ ವರ್ಷ ದಾಖಲಾತಿಯ ಮುಂದಿದ್ದ ಅಂಕಿ ಮೂವತ್ತೆಂಟು.

ಜೂನ್ ತಿಂಗಳು ಚೆನ್ನಾಗಿಯೇ ಹೋಯಿತು. ಹೊಸ ಪುಸ್ತಕದ ವಾಸನೆ, ಹೊಸ ಸಮವಸ್ತ್ರ, ಎಲ್ಲರೂ ಬರುತ್ತಿದ್ದರು. ಹಲಗೆಯ ಮೇಲೆ ಅಂಕಿ ಬರೆಯುವ ಕೆಲಸವನ್ನು ನಾಲ್ಕನೇ ತರಗತಿಯ ಒಬ್ಬ ಹುಡುಗಿಗೆ ಕೊಟ್ಟಿದ್ದೆ. ತೆಳ್ಳಗಿನ ಹುಡುಗಿ, ಎರಡು ಜಡೆ, ಮಾತು ಕಡಿಮೆ. ಅವಳ ಅಕ್ಷರ ಮಾತ್ರ ಅಚ್ಚು ಹಾಕಿದ ಹಾಗೆ ಇರುತ್ತಿತ್ತು. ಬರೆಯುವ ಮೊದಲು ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆರುವವರೆಗೆ ಬಾಯಿಂದ ಊದಿ, ಆಮೇಲೆ ಬರೆಯುತ್ತಿದ್ದಳು. ಆ ಶಿಸ್ತು ನನಗೆ ಬಹಳ ಇಷ್ಟವಾಗಿತ್ತು.

ಜುಲೈನಲ್ಲಿ ಕಾಲುವೆಗೆ ನೀರು ಬಿಟ್ಟರು. ನಮ್ಮ ಕಡೆ ಕಾಲುವೆಗೆ ನೀರು ಬಂತೆಂದರೆ ಊರಿನ ಹೆಂಗಸರೆಲ್ಲ ಗದ್ದೆಯಲ್ಲಿ. ಭತ್ತದ ಸಸಿ ನೆಡುವ ಕೆಲಸಕ್ಕೆ ಹತ್ತು ಹದಿನೈದು ಜನರ ಗುಂಪು ಇರುತ್ತದೆ, ಗುಂಪಿಗೆ ಒಬ್ಬ ಮೇಸ್ತ್ರಿ. ನಮ್ಮೂರಿನ ಗುಂಪಿನ ಮೇಸ್ತ್ರಿ ಐವತ್ತು ದಾಟಿದ ಒಬ್ಬ ಹೆಂಗಸು. ಬಾಯಲ್ಲಿ ಸದಾ ಎಲೆಯಡಿಕೆ. ಕೂಗಿದರೆ ಮೂರು ಓಣಿಗೆ ಕೇಳಿಸುವಷ್ಟು ದೊಡ್ಡ ದನಿ. ಬೆಳಿಗ್ಗೆ ಆರು ಗಂಟೆಗೆ ಟಂಟಂ ಆಟೋ ಬಂದು ಕಟ್ಟೆಯ ಹತ್ತಿರ ನಿಲ್ಲುತ್ತಿತ್ತು. ಬುತ್ತಿ ಕಟ್ಟಿಕೊಂಡು ಎಲ್ಲರೂ ಹತ್ತಿ ಹೋದರೆ ತಿರುಗಿ ಬರುವುದು ಸಂಜೆ ನಾಲ್ಕಕ್ಕೆ. ಎದೆಹಾಲು ಬಿಟ್ಟ, ಇನ್ನೂ ಸರಿಯಾಗಿ ನಡೆಯದ ಕೂಸುಗಳು ಮನೆಯಲ್ಲಿ ಉಳಿಯುತ್ತಿದ್ದವು. ಅಂಗನವಾಡಿಗೆ ಅವು ಇನ್ನೂ ಚಿಕ್ಕವು. ಹಾಗಾಗಿ ಅವುಗಳ ಜೊತೆ ಅಕ್ಕನೂ ಮನೆಯಲ್ಲಿ ಉಳಿಯಬೇಕಾಗುತ್ತಿತ್ತು.

ಒಂದು ದಿನ ಆ ಹುಡುಗಿ ಕೂಸನ್ನು ಸೊಂಟದ ಮೇಲೆ ಹೊತ್ತುಕೊಂಡೇ ಶಾಲೆಗೆ ಬಂದಳು. ಅವಳ ತಮ್ಮ, ಒಂದು ವರ್ಷದವನು, ಕೆನ್ನೆಗೆ ದೃಷ್ಟಿಬೊಟ್ಟು. ಹಲಗೆಯ ಮೇಲೆ ಒಂದೇ ಕೈಯಲ್ಲಿ ಅಂಕಿ ಬರೆದು ಒಳಗೆ ಬಂದು ಕುಳಿತಳು. ಹತ್ತು ನಿಮಿಷ ಕೂಸು ದೇವರಂತೆ ಇತ್ತು. ಆಮೇಲೆ ಎರಡನೇ ತರಗತಿಯ, ಪದ ಬರೆದ ಮಿಂಚುಪಟ್ಟಿಗಳನ್ನು ಬಾಯಿಗೆ ಹಾಕಿಕೊಂಡು ಅಗಿಯಿತು, ಸೀಮೆಸುಣ್ಣ ತಿಂದಿತು, ಭಾಗಾಕಾರದ ನಟ್ಟನಡುವೆ ಅಳಲು ಶುರು ಮಾಡಿತು, ಕೊನೆಗೆ ನನ್ನ ಪಾಠಯೋಜನೆಯ ಪುಸ್ತಕದ ಮೇಲೆ ಉಚ್ಚೆ ಹೊಯ್ಯಿತು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಕೋಪ ಬರಲು ಇಷ್ಟೆಲ್ಲ ಬೇಕಾಗಿಯೇ ಇಲ್ಲ, ಅದು ಮೂಗಿನ ತುದಿಯಲ್ಲೇ ಕುಳಿತಿರುತ್ತದೆ. "ನಾಳಿಂದ ಕೂಸು ತರಬ್ಯಾಡ. ನೀನು ಬಾ, ಕೂಸು ಮನಿಯಾಗಿರ್ಲಿ" ಅಂದೆ. ಅವಳು ತಲೆ ಆಡಿಸಿದಳು. ಪುಸ್ತಕವನ್ನು ಬಿಸಿಲಿಗಿಟ್ಟು ಭಾಗಾಕಾರ ಮುಂದುವರಿಸಿದೆ, ಹೇಳಿದ ಮಾತು ಸಂಜೆಗೆಲ್ಲ ನನಗೆ ಮರೆತುಹೋಗಿತ್ತು.

ಮಾರನೆಯ ದಿನ ಅವಳು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಅವಳ ಹಿಂದೆ ಇನ್ನೂ ಐದು ಹೆಣ್ಣುಮಕ್ಕಳು, ತಂಗಿಯನ್ನು ನೋಡಿಕೊಳ್ಳುವ ಒಬ್ಬ ಹುಡುಗ ಬರುವುದು ನಿಲ್ಲಿಸಿದರು. ಹಾಜರಾತಿಯ ಅಂಕಿ ಮೂವತ್ತೊಂದಕ್ಕೆ ಇಳಿದು ಅಲ್ಲೇ ಕುಳಿತುಬಿಟ್ಟಿತು. ಈಗ ಅದನ್ನು ಬರೆಯುವವಳು ನಾನೇ. ಬರೆಯುವಾಗಲೆಲ್ಲ ಆ ತಾಯಂದಿರ ಮೇಲೆ ಸಿಟ್ಟು ಬರುತ್ತಿತ್ತು.

ಸಿಟ್ಟು ಬಂದರೆ ನಾನು ಸುಮ್ಮನೆ ಕೂರುವವಳಲ್ಲ. ಜಾಥಾ ಮಾಡಿದೆ. ಬಂದ ಮಕ್ಕಳ ಕೈಗೆ ರಟ್ಟಿನ ಫಲಕ ಕೊಟ್ಟು, ಮುಂದೆ ಒಬ್ಬ ಹುಡುಗನ ಕೊರಳಿಗೆ ಹಲಗೆವಾದ್ಯ ಕಟ್ಟಿ, "ತಪ್ಪದೇ ಶಾಲೆಗೆ ಬನ್ನಿ" ಅಂತ ಓಣಿ ಓಣಿ ಕೂಗಿಸಿದೆ. ಸಮಯ ಬೆಳಿಗ್ಗೆ ಹತ್ತೂವರೆ. ಆ ಹೊತ್ತಿಗೆ ತಾಯಂದಿರೆಲ್ಲ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದರು. ನಮ್ಮ ಘೋಷಣೆ ಕೇಳಿದವರು ಕಟ್ಟೆಯ ಮೇಲಿನ ನಾಲ್ಕು ಜನ ಮುದುಕರು ಮತ್ತು ಊರಿನ ಕೋಳಿಗಳು. ಆ ಹುಡುಗಿ ತನ್ನ ಮನೆಯ ಹೊಸ್ತಿಲ ಮೇಲೆ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ನಾವು ಕೂಗಿದಾಗ ಅಭ್ಯಾಸಬಲದಿಂದ ಅವಳೂ ನಮ್ಮ ಜೊತೆ "ಬನ್ನಿ ಬನ್ನಿ" ಅಂತ ಕೂಗಿದಳು, ಕೂಸು ಚಪ್ಪಾಳೆ ತಟ್ಟಿತು. ಅದರ ಫೋಟೊ ತೆಗೆದು ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿದೆ. ಇಪ್ಪತ್ತು ಜನ ಮೆಚ್ಚುಗೆಯ ಹೆಬ್ಬೆಟ್ಟು ಒತ್ತಿದರು. ಹಲಗೆಯ ಮೇಲೆ ಮಾತ್ರ ಮೂವತ್ತೊಂದೇ ಇತ್ತು.

ಆಗ ನನಗೆ ಬುದ್ಧಿ ಬಂತು, ಅಂದರೆ ಅರ್ಧ ಬುದ್ಧಿ. ತಾಯಂದಿರನ್ನು ಹಿಡಿಯಬೇಕಾದರೆ ಟಂಟಂ ಹೊರಡುವ ಮೊದಲೇ ಹೋಗಬೇಕು. ಒಂದು ಶನಿವಾರ, ಹೇಗೂ ಬೆಳಗಿನ ಶಾಲೆ, ಮೊದಲ ಬಸ್ಸಿಗೇ ಹೊರಟು ಕ್ರಾಸಿನಿಂದ ಓಡುತ್ತಾ ಊರು ಸೇರಿದೆ. ಟಂಟಂ ನಿಂತಿತ್ತು. ಹೆಂಗಸರು ಹತ್ತುತ್ತಿದ್ದರು. ಹುಡುಗಿ ಕೂಸನ್ನು ಎತ್ತಿಕೊಂಡು ತಾಯಿಯನ್ನು ಕಳಿಸಲು ಬಂದಿದ್ದಳು.

"ಮಗಳನ್ನ ಸಾಲಿಗೆ ಯಾಕ ಕಳಸವಲ್ರಿ?" ಅಂತ ನೇರ ಕೇಳಿದೆ.

"ಕೂಸು ಯಾರು ನೋಡ್ಬೇಕ್ರಿ ಮೇಡಂ?" ಅಂದಳು ತಾಯಿ. ಇನ್ನೂ ಮೂವತ್ತು ತುಂಬದ ಹೆಂಗಸು, ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟಿದ್ದಳು.

"ಕೂಸು ನಿಮ್ದೋ, ಆಕಿದೋ? ನೋಡ್ಕಳಾಕ ಆಗದಿದ್ರ ಯಾಕ ಹಡಿಬೇಕಿತ್ತು?"

ಈ ಮಾತು ನನ್ನ ಬಾಯಿಂದಲೇ ಬಂತು. ಇಪ್ಪತ್ತು ವರ್ಷ ಪಾಠ ಹೇಳಿದ ಬಾಯಿ. ಟಂಟಂ ಒಳಗಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ಹುಡುಗಿ "ಟೀಚರ್, ನೀವ..." ಅಂತ ಏನೋ ಹೇಳಲು ಬಾಯಿ ತೆರೆದಳು, ನನ್ನ ಮುಖ ನೋಡಿ ಮುಚ್ಚಿದಳು. ತಾಯಿ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೇ ಒಳ್ಳೆಯದಿತ್ತು.

"ಆತ್ರಿ ಮೇಡಂ. ನಿಮಗ ಇಷ್ಟು ತ್ರಾಸ ಬ್ಯಾಡ. ಸೋಮವಾರ ಮುಂಜಾಲೆ ಆಕಿನ್ನ ಕೂಸಿನ ಜತಿಗೆ ಸಂಡೂರು ಕಡಿ ಅವ್ರ ಅಜ್ಜಿ ಊರಿಗೆ ಕಳಿಸಿಬಿಡ್ತೀನಿ. ಅಲ್ಲೇ ಇರ್ಲಿ. ಹೆಸರು ತಗದು ಬಿಡ್ರಿ" ಅಂದಳು.

ಮೇಸ್ತ್ರಿ ಎಲೆಯಡಿಕೆ ಉಗುಳಿ ನನ್ನ ಕಡೆ ತಿರುಗಿದಳು. "ಮೇಡಂ, ನಿಮ್ಮ ಗಂಟಿ ಹತ್ತಕ್ಕ ಹೊಡಿತೈತಿ, ನಮ್ಮದು ಆರಕ್ಕ ಹೊಡಿತೈತಿ. ಲೇ, ಗಾಡಿ ಬಿಡಲೇ!" ಟಂಟಂ ಹೊರಟೇ ಹೋಯಿತು. ಕೈಯಲ್ಲಿ ಚೀಲ ಹಿಡಿದುಕೊಂಡು ನಾನು ಕಟ್ಟೆಯ ಹತ್ತಿರ ನಿಂತಿದ್ದೆ. ಆ ಹುಡುಗಿ ಊರು ಬಿಟ್ಟರೆ ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಹಾಗೆ ಹೋದವರನ್ನು ನಾನು ನೋಡಿದ್ದೇನೆ. ನನ್ನ ಹತ್ತಿರ ಉಳಿದಿದ್ದದ್ದು ಭಾನುವಾರ ಒಂದೇ ದಿನ.

ಆ ಭಾನುವಾರ ಕಂಪ್ಲಿಯಲ್ಲಿ ನನ್ನ ಅಕ್ಕನ ಮನೆಗೆ ಹೋದೆ. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅಲ್ಲಿ ಜೋಳದ ರೊಟ್ಟಿ ತಟ್ಟಿ ಮಾರುತ್ತಾಳೆ. ಅವಳ ರೊಟ್ಟಿ ಬೇಕೆಂದು ಹಿಂದಿನ ದಿನವೇ ಹೇಳಿಟ್ಟು ಹೋಗುವವರಿದ್ದಾರೆ. ಒಲೆಯ ಪಕ್ಕ ಕುಳಿತು, ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಾ ಆ ತಾಯಿಯನ್ನು, ಮೇಸ್ತ್ರಿಯನ್ನು, ಇಡೀ ಊರನ್ನು ಬೈದೆ. ಓದಿನ ಬೆಲೆ ಗೊತ್ತಿಲ್ಲದ ಜನ ಅಂದೆ. ಅಕ್ಕ ತಟ್ಟುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಆ ಹುಡುಗಿ ಕೂಸಿನ್ನ ಸಾಲಿಗೆ ತರ್ತಿರ್ಲಿಲ್ಲೇನು?" ಅಂತ ಕೇಳಿದಳು.

"ಒಂದಿನ ತಂದಿದ್ಲು. ಪುಸ್ತಕದ ಮ್ಯಾಲೆ ಉಚ್ಚಿ ಹೊಯ್ತು. ತರಬ್ಯಾಡ ಅಂದೆ."

ಅಕ್ಕನಿಗೆ ನಗು ಬಂತು. ನಗುತ್ತಾ ಕಣ್ಣು ಒರೆಸಿಕೊಂಡು, "ನೀನೂ ಹೊಯ್ದಿದ್ದೆಲ್ಲ, ನಮ್ಮ ಮಾಸ್ತರ ಕುರ್ಚಿ ಮ್ಯಾಲೆ" ಅಂದಳು.

ನನಗೆ ಅರ್ಥವಾಗಲಿಲ್ಲ. ಅಕ್ಕನೇ ಹೇಳಿದಳು, ಒಂದೊಂದೇ ರೊಟ್ಟಿ ಹಂಚಿಗೆ ಹಾಕುತ್ತಾ. "ಅವ್ವ ಅದಿರು ಒಡ್ಯಾಕ ಗಣಿಗೆ ಹೋಕ್ಕಿದ್ಲು. ನಿನ್ನ ಎತ್ಗೊಂಡು ನಾನು ಸಾಲಿಗೆ ಹೋಗ್ತಿದ್ದೆ. ನೀ ಭಾಳ ಅಳ್ತಿದ್ದಿ. ಮಾಸ್ತರು ಕೆಟ್ಟವರೇನಲ್ಲ ಪಾಪ, ಕೂಸು ಮನಿಯಾಗ ಬಿಟ್ಟು ಬಾ ಅಂದ್ರು. ಮನಿಯಾಗ ಯಾರಿದ್ರು? ನಿನ್ನ ಒಲಿ ಮುಂದ ಒಬ್ಬಾಕಿನ್ನ ಬಿಟ್ಟು ಹೋಗ್ಲ್ಯಾ? ಹಂಗಾಗಿ ನಾನ ಬಿಟ್ಟೆ. ಎರಡನೇ ಕ್ಲಾಸು ಮುಗಿಸಾಕ ಆಗ್ಲಿಲ್ಲ."

ನಮ್ಮ ಮನೆಯಲ್ಲಿ ಒಂದು ಮಾತಿತ್ತು: ದೊಡ್ಡವಳಿಗೆ ಓದು ತಲೆಗೆ ಹತ್ತಲಿಲ್ಲ, ಸಣ್ಣವಳು ಜಾಣೆ. ಈ ಮಾತು ಕೇಳುತ್ತಲೇ ಬೆಳೆದವಳು ನಾನು. ಮದುವೆಯಾಗಿ ಬಂದ ಮನೆಯಲ್ಲಿ ಹೇಳಿದ್ದೇನೆ, ಶಾಲೆಯಲ್ಲಿ ಮಾಸ್ತರ ಮುಂದೆ ಹೇಳಿದ್ದೇನೆ. ಅಕ್ಕ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವಾಗ ಪಕ್ಕದಲ್ಲಿ ನಿಂತು, ಇವಳು ಸ್ವಲ್ಪ ಮನಸ್ಸು ಮಾಡಿದ್ದರೆ ಅಂತ ಅಂದುಕೊಂಡಿದ್ದೇನೆ. ಅವಳಿಗೆ ಹತ್ತದೆ ಹೋದದ್ದು ಓದಲ್ಲ, ಅವಳ ಸೊಂಟಕ್ಕೆ ಹತ್ತಿಕೊಂಡಿದ್ದದ್ದು ನಾನು. ನಾಚಿಕೆ ಅಂದರೆ ಏನೆಂದು ನನಗೆ ಗೊತ್ತಾದದ್ದು ಆ ಒಲೆಯ ಮುಂದೆ. ಜೋರಾಗಿ ಅತ್ತುಬಿಟ್ಟೆ.

"ಈಗರ ಅಳೋದು ಬಿಡ್ತೀಯೇನಲೇ?" ಅಂದಳು ಅಕ್ಕ. "ನೀ ಅತ್ರ ಆ ಹುಡುಗಿ ಬರ್ತಾಳೇನು? ಮೊದಲ್ನೇ ಬಸ್ಸು ಎಷ್ಟಕ್ಕೈತಿ ನೋಡು."

ಸೋಮವಾರ ಮೊದಲ ಬಸ್ಸಿನ ಮೊದಲ ಸೀಟಿನಲ್ಲಿ ನಾನಿದ್ದೆ. ಕ್ರಾಸಿನಿಂದ ಓಡಿದ ಓಟಕ್ಕೆ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕಟ್ಟೆ ತಲುಪಿದೆ. ಟಂಟಂ ಇನ್ನೂ ಇತ್ತು. ಹುಡುಗಿ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಕೂಸನ್ನು ಎತ್ತಿಕೊಂಡು, ಕಾಲ ಬಳಿ ಒಂದು ಬಟ್ಟೆಯ ಗಂಟು ಇಟ್ಟುಕೊಂಡು ನಿಂತಿದ್ದಳು. ತಾಯಿ ಅವಳನ್ನು ಕ್ರಾಸಿನಲ್ಲಿ ಇಳಿಸಿ ಬಸ್ಸಿಗೆ ಹತ್ತಿಸುವವಳಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು.

ಉಸಿರು ಕೂಡ ತೆಗೆದುಕೊಳ್ಳದೆ ಎಲ್ಲರಿಗೂ ಕೇಳುವಂತೆ ಹೇಳಿದೆ: "ತಪ್ಪು ನಂದು. ಮೊನ್ನೆ ಹಂಗ ಮಾತಾಡಬಾರದಿತ್ತು, ಹೊಟ್ಟಿಗೆ ಹಾಕ್ಕೊಳ್ರಿ. ಕೂಸು ತರಬ್ಯಾಡ ಅಂದು ನಿಮ್ಮ ಮಗಳನ್ನ ಸಾಲಿ ಬಿಡಿಸಿದಾಕಿ ನಾನ. ಈಗ ನಾನ ಹೇಳಾಕತ್ತೀನಿ, ಕೂಸು ತಗೊಂಡು ಬರ್ಲಿ. ಎಲ್ಲಾರೂ ತರ್ಲಿ."

ಮಾತಾಡಿದ್ದು ಹುಡುಗಿ. "ಅತ್ತರ, ಟೀಚರ್?"

"ಅಳ್ಲಿ."

"ಉಚ್ಚಿ ಹೊಯ್ದರ?"

"ಒರಸೋಣು."

ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ ನನ್ನ ಕೈಯಲ್ಲಿದ್ದ ಹರಿದ ಚಪ್ಪಲಿ ನೋಡಿದಳು. ಆಮೇಲೆ ಬಗ್ಗಿ ಬಟ್ಟೆಯ ಗಂಟು ಎತ್ತಿ ಮಗಳ ತಲೆಯ ಮೇಲಿಟ್ಟು, "ಮನಿಗೆ ಒಯ್ದು ಇಡು. ಗಂಜಿ ಕುಡಿಸಿ ಕರ್ಕೊಂಡು ಹೋಗು" ಅಂದು ಟಂಟಂ ಹತ್ತಿದಳು. ಹುಡುಗಿ ಗಂಟು ಬೀಳದ ಹಾಗೆ ಕತ್ತು ನೆಟ್ಟಗೆ ಇಟ್ಟುಕೊಂಡು, ಕೂಸಿನ ಜೊತೆ ಮನೆಯ ಕಡೆ ಓಡಿದಳು. ನನಗೆ ಆ ಕ್ಷಣ ಅಲ್ಲೇ ಕುಣಿದುಬಿಡಬೇಕು ಅನಿಸಿತು. ಚಪ್ಪಲಿ ಇಲ್ಲದ್ದರಿಂದ ಸುಮ್ಮನಾದೆ.

ಆ ವಾರ ನಮ್ಮ ಶಾಲೆಯನ್ನು ನೀವು ನೋಡಬೇಕಿತ್ತು. ಐದು ಹುಡುಗಿಯರು ಐದು ಕೂಸುಗಳ ಜೊತೆ ಬಂದರು, ಮಾರನೆಯ ದಿನ ಆರು. ಬೇವಿನ ಕೊಂಬೆಗೆ ಎರಡು, ವರಾಂಡದ ತೊಲೆಗೆ ಒಂದು ಸೀರೆಯ ಜೋಲಿ ಕಟ್ಟಿದೆವು. ಒಂದು ಮಲಗಿದರೆ ಇನ್ನೊಂದು ಏಳುತ್ತಿತ್ತು. ಬಿಸಿಯೂಟದ ಅಡುಗೆಯವಳು ಸೌಟು ಬಿಟ್ಟು ಬಂದು ಜೋಲಿ ತೂಗುತ್ತಿದ್ದಳು, ಅಷ್ಟರಲ್ಲಿ ಅನ್ನ ತಳ ಹಿಡಿಯುತ್ತಿತ್ತು. ಹೆಡ್‌ಮಾಸ್ತರು ತೊಡೆಯ ಮೇಲೆ ಒಂದು ಕೂಸನ್ನು ಕೂರಿಸಿಕೊಂಡು ಪರಿಸರ ಪಾಠ ಮಾಡುತ್ತಾ, "ಮೇಡಂ, ದಾಖಲಾತಿ ನಲವತ್ನಾಲ್ಕು ಅಂತ ಬರಿಯೋಣೇನು?" ಅಂದರು. ಪಾಠ ಅರ್ಧ ಆಗುತ್ತಿತ್ತು. ಆದರೂ ಹಾಜರಾತಿ ಮೂವತ್ತೇಳಕ್ಕೆ ಏರಿತು, ಅಂಕಿ ಮತ್ತೆ ಅಚ್ಚು ಹಾಕಿದ ಹಾಗೆ ಕಾಣತೊಡಗಿತು.

ಇದನ್ನು ಹೀಗೇ ನಡೆಸಲು ಆಗುವುದಿಲ್ಲ ಎಂಬುದು ನನಗೂ ಕಾಣುತ್ತಿತ್ತು. ಅರ್ಜಿ ಬರೆಯಬೇಕು, ಪಂಚಾಯಿತಿಗೆ ಹೋಗಬೇಕು ಅಂತೆಲ್ಲ ಯೋಚನೆ ಮಾಡುತ್ತಿದ್ದೆ. ನಾಲ್ಕನೇ ದಿನ ಸಂಜೆ ಕೆಲಸ ಬೇಗ ಮುಗಿಸಿದ ಮೇಸ್ತ್ರಿ ಶಾಲೆಯ ಮುಂದೆ ಟಂಟಂ ನಿಲ್ಲಿಸಿ ಇಳಿದು ಬಂದಳು. ಕಾಲಿಗೆ ಇನ್ನೂ ಕೆಸರಿತ್ತು. ಬಾಗಿಲಲ್ಲಿ ನಿಂತು ನೋಡಿದಳು. ಆ ಹುಡುಗಿ ಕಾಲ ಹೆಬ್ಬೆರಳಿಗೆ ಜೋಲಿಯ ಹಗ್ಗ ಸಿಕ್ಕಿಸಿಕೊಂಡು ತೂಗುತ್ತಾ, ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಲೆಕ್ಕ ಮಾಡುತ್ತಿದ್ದಳು. ಮೇಸ್ತ್ರಿ ನನ್ನ ಕಡೆ ತಿರುಗಿದಳು.

"ಮೇಡಂ, ನಿಮಗ ಮುಯ್ಯಾಳು ಗೊತ್ತೇನ್ರಿ?" ಅಂತ ಕೇಳಿದಳು.

ಗೊತ್ತಿತ್ತು. ಇವತ್ತು ನಿಮ್ಮ ಹೊಲಕ್ಕೆ ನಾನು ಆಳಾಗಿ ಬಂದರೆ ನಾಳೆ ನನ್ನ ಹೊಲಕ್ಕೆ ನೀವು ಬರುವುದು, ಕೂಲಿಯ ಮಾತಿಲ್ಲ. ಅದು ಮುಯ್ಯಾಳು.

"ಹೊಲಕ್ಕ ಮುಯ್ಯಿ ಮಾಡಾಕ ಬರ್ತೈತಿ, ಕೂಸಿಗೆ ಯಾಕ ಬರಂಗಿಲ್ಲ? ನಾಳಿಂದ ದಿನಕ್ಕ ಒಬ್ಬಾಕಿ ಊರಾಗ ಇರ್ತಾಳ. ಎಲ್ಲಾ ಕೂಸು ಆಕಿ ಕಡಿ. ನಾವು ಆಕಿನ್ನ ಗದ್ದಿಗೆ ಬಂದಂಗ ಹಿಡಿತೀವಿ. ಮರುದಿನ ಇನ್ನೊಬ್ಬಾಕಿ. ಜೋಲಿ ಇಲ್ಲೇ ಇರ್ಲಿ, ವರಾಂಡದಾಗ ಗಾಳಿ ಚಲೋ ಐತಿ." ಇಷ್ಟು ಹೇಳಿ ಟಂಟಂ ಕಡೆ ತಿರುಗಿ ಯಾರ ಪಾಳಿ ಯಾವತ್ತು ಅಂತ ಕೂಗಿ ಹೇಳಿದಳು. ತಿಂಗಳಿಡೀ ನಾನು ಜಾಥಾ, ಫೋಟೊ, ಜಗಳ ಅಂತ ಪಟ್ಟ ಪಾಡನ್ನು ಆ ಹೆಂಗಸು ಒಂದು ಎಲೆಯಡಿಕೆ ಜಗಿದು ಮುಗಿಸುವಷ್ಟರಲ್ಲಿ ಬಗೆಹರಿಸಿದಳು. ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಮೊದಲ ಪಾಳಿ ಆ ಹುಡುಗಿಯ ತಾಯಿಯದೇ ಬಂತು. ಬೆಳಿಗ್ಗೆ ಆರಕ್ಕೇ ಕೂಸುಗಳನ್ನೆಲ್ಲ ತನ್ನ ಮನೆಯಲ್ಲಿ ಸೇರಿಸಿಕೊಂಡು, ಶಾಲೆ ತೆರೆದ ಮೇಲೆ ವರಾಂಡಕ್ಕೆ ಕರೆತಂದಳು. ಮಕ್ಕಳು ಬರಿಗೈಯಲ್ಲಿ, ಅಂದರೆ ಬರೀ ಪುಸ್ತಕದ ಚೀಲ ಹಿಡಿದು ಒಳಗೆ ಬಂದರು. ನಾನು ಅವಳಿಗೆ ಕುರ್ಚಿ ಕೊಟ್ಟೆ, ಅವಳು ನೆಲದ ಮೇಲೇ ಕುಳಿತಳು. ಮಧ್ಯಾಹ್ನ ಏಳರ ಮಗ್ಗಿ ಕೇಳುತ್ತಿದ್ದೆ. ಏಳೆಂಟಲ ಎಷ್ಟು ಅಂದಾಗ ತರಗತಿ ಬಾಯಿ ಬಿಡಲಿಲ್ಲ. ವರಾಂಡದಿಂದ "ಐವತ್ತಾರು!" ಅಂತ ಉತ್ತರ ಬಂತು. ಮಕ್ಕಳು ಹೋ ಅಂತ ಚಪ್ಪಾಳೆ ಹೊಡೆದರು. ಆ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಅವತ್ತಿನಿಂದ ನಮ್ಮಿಬ್ಬರ ನಡುವೆ ಮಾತು ಸಲೀಸಾಯಿತು.

ಉಳಿದಿದ್ದವನು ಒಬ್ಬನೇ, ತಂಗಿಯನ್ನು ನೋಡಿಕೊಳ್ಳುತ್ತಿದ್ದ ಹುಡುಗ. ತಂಗಿ ಮುಯ್ಯಾಳಿನ ಕೈ ಸೇರಿದ ಮೇಲೆ ಅವನು ಶಾಲೆಗೆ ಬರುವುದು ಬಿಟ್ಟು ಕಾಲುವೆಯಲ್ಲಿ ಈಜಲು ಹೋಗತೊಡಗಿದ್ದ. ವಿಷಯ ಮೇಸ್ತ್ರಿಗೆ ತಿಳಿಯಿತು. ಸಂಜೆ ಅವನನ್ನು ಹುಡುಕಿ ಹಿಡಿದು, ಟಂಟಂನಲ್ಲಿ ಇಬ್ಬರು ಹೆಂಗಸರ ನಡುವೆ ಕೂರಿಸಿಕೊಂಡು ಬಂದು ಶಾಲೆಯ ಮುಂದೆ ಇಳಿಸಿದಳು. "ನಾಳಿಂದ ತಾನ ಬರ್ತಾನ್ರಿ" ಅಂದಳು. ಬಂದೇ ಬರುತ್ತಾನೆ ಅಂತ ನನಗೂ ಅನಿಸಿತು, ಅವನ ಮುಖ ಹಾಗಿತ್ತು.

ಮೂವತ್ತೆಂಟು ತುಂಬುವ ದಿನ ನಾಳೆ ಅನ್ನುವಾಗ ಮೇಸ್ತ್ರಿಯಿಂದ ಫೋನು ಬಂತು. ನಾಳೆ ದೊಡ್ಡ ಗದ್ದೆ, ಸಸಿ ಕಿತ್ತಿಟ್ಟಾಗಿದೆ, ಇಟ್ಟರೆ ಬಾಡುತ್ತದೆ, ಎಲ್ಲರೂ ಬೇಕು, ಕೂಸಿಗೆ ಯಾರನ್ನೂ ಬಿಡಲು ಆಗುವುದಿಲ್ಲ ಅಂದಳು. ನಾನು ಕೂತು ಯೋಚನೆ ಮಾಡಲಿಲ್ಲ, ಕಂಪ್ಲಿಗೆ ಫೋನು ಹಚ್ಚಿದೆ. "ಅಕ್ಕ, ಏಳು ಕೂಸು ಅದಾವು. ನೋಡ್ಕೋತೀಯೇನು?" ಅಂದೆ.

"ಒಂದನ್ನ ನೋಡ್ಕೊಂಡಿದ್ದಕ್ಕ ಟೀಚರ್ ಆತು. ಏಳನ್ನ ನೋಡ್ಕೊಂಡ್ರ ಏನಾಕ್ಕಾವೋ ನೋಡೂಣು" ಅಂದಳು ಅಕ್ಕ.

"ರೊಟ್ಟಿ ಗಿರಾಕಿ?"

"ನಾಳಿ ಒಂದಿನ ಕಂಪ್ಲಿ ಮಂದಿ ಅನ್ನ ಉಣ್ಲಿ."

ಮಾರನೆಯ ಬೆಳಿಗ್ಗೆ ಟಂಟಂ ಹೊರಡುವ ಹೊತ್ತಿಗೆ ಅಕ್ಕನೂ ನಾನೂ ಕಟ್ಟೆಯ ಹತ್ತಿರ ನಿಂತಿದ್ದೆವು. ತಾಯಂದಿರು ಒಬ್ಬೊಬ್ಬರಾಗಿ ಕೂಸುಗಳನ್ನು ಅಕ್ಕನ ಕೈಗೆ ಕೊಟ್ಟರು. "ನೀವು ಯಾವ ಊರಾಕಿರಬೇ?" ಅಂತ ಮೇಸ್ತ್ರಿ ಕೇಳಿದಳು. "ಇವತ್ತು ಇದ ನಮ್ಮೂರು. ಮುಯ್ಯಾಳು ನಾನು. ನೀವು ನಡೀರಿ" ಅಂದಳು ಅಕ್ಕ. ಏಳು ಕೂಸುಗಳು ಅವಳ ಸುತ್ತ ಸೇರಿ ಹತ್ತು ನಿಮಿಷದಲ್ಲಿ ಅಳು ನಿಲ್ಲಿಸಿದವು. ಕೂಸಾಗಿದ್ದಾಗ ನಾನು ಒಬ್ಬಳೇ ಅಷ್ಟೂ ಕೂಸುಗಳಷ್ಟು ಅತ್ತಿರಬೇಕು, ಅವಳಿಗೆ ಅಭ್ಯಾಸವಿತ್ತು.

ಪ್ರಾರ್ಥನೆ ಮುಗಿಯಿತು. ಹೆಸರು ಕೂಗಿದೆ. ಒಂದೊಂದಕ್ಕೂ "ಹಾಜರ್" ಬಂತು. ಕೊನೆಯ ಹೆಸರು ಈಜುವ ಹುಡುಗನದು, ಅವನು ಎಲ್ಲರಿಗಿಂತ ಜೋರಾಗಿ ಕೂಗಿದ. ಹುಡುಗಿ ಹಲಗೆ ಒರೆಸಿ, ಊದಿ, ದಾಖಲಾತಿಯ ಮುಂದೆ ೩೮ ಬರೆದಳು. ಆಮೇಲೆ ಹಾಜರಾತಿಯ ಮುಂದೆ ಬರೆಯಲು ಕೈ ಎತ್ತಿದವಳು ನಿಂತು, ವರಾಂಡದಲ್ಲಿ ಕುಳಿತಿದ್ದ ಅಕ್ಕನ ಕಡೆ ನೋಡಿದಳು. ಅಕ್ಕ ಆ ಅಂಕಿಯನ್ನೇ ನೋಡುತ್ತಿದ್ದಳು, ನೆಲದ ಮೇಲೆ ಬೆರಳಿನಿಂದ ಏನೋ ಗೀಚುತ್ತಿದ್ದಳು. ಹುಡುಗಿ ಹೋಗಿ ಸೀಮೆಸುಣ್ಣ ಚಾಚಿ, "ಅಜ್ಜಿ, ಇದನ್ನ ನೀವು ಬರೀರಿ" ಅಂದಳು.

"ಯಾರಲೇ ಅಜ್ಜಿ?" ಅಂತ ಅಕ್ಕ ಗದರಿದಳು. ಆದರೂ ಎದ್ದಳು. ತೊಡೆಯ ಮೇಲಿದ್ದ ಕೂಸನ್ನು ಎಡ ಸೊಂಟಕ್ಕೆ ಏರಿಸಿಕೊಂಡು ಹಲಗೆಯ ಮುಂದೆ ನಿಂತಳು. ಮೂರು ಬರೆಯಲು ಬಹಳ ಹೊತ್ತು ಹಿಡಿಯಿತು. ಎಂಟು ಸ್ವಲ್ಪ ವಾಲಿತು. ಬರೆದಾದ ಮೇಲೆ ಹಿಂದೆ ಸರಿದು ಮೇಲಿನದನ್ನೂ ಕೆಳಗಿನದನ್ನೂ ಎರಡೆರಡು ಸಲ ನೋಡಿ, "ಎರಡೂ ಒಂದ ಐತಲ್ಲೇ ತಂಗಿ" ಅಂದಳು. ಮೂವತ್ತೆಂಟು ಮಕ್ಕಳು ಒಟ್ಟಿಗೆ ಕಿರುಚಿದ ಸದ್ದಿಗೆ ಬೇವಿನ ಮರದ ಗಿಳಿಗಳೆಲ್ಲ ಎದ್ದುಹೋದವು. ಹೆಡ್‌ಮಾಸ್ತರು ತಮ್ಮ ದುಡ್ಡಿನಲ್ಲೇ ಮೈಸೂರುಪಾಕು ತರಿಸಿದರು. ಆ ಹಲಗೆಯನ್ನು ಅವತ್ತು ಸಂಜೆ ಯಾರಿಗೂ ಒರೆಸಲು ನಾನು ಬಿಡಲಿಲ್ಲ.

ಆಮೇಲೆ ಎಷ್ಟೋ ಆಯಿತು. ಹೆಡ್‌ಮಾಸ್ತರು ನಿವೃತ್ತರಾದರು. ಕೊರೋನಾ ಬಂದು ಶಾಲೆಗೆ ಬೀಗ ಬಿತ್ತು, ಹಲಗೆ ಬಹುಕಾಲ ಖಾಲಿ ಇತ್ತು. ಬೀಗ ತೆರೆದ ದಿನ ಎಷ್ಟು ಜನ ಉಳಿದಿರುತ್ತಾರೋ ಎಂದು ಹೆದರಿಕೊಂಡೇ ಹೋದೆ. ಮೇಸ್ತ್ರಿ ಓಣಿ ಓಣಿ ಕೂಗಿ ಎಲ್ಲರನ್ನೂ ಹೊರಡಿಸಿಯಾಗಿತ್ತು. ಕೂಸಿನ ಮುಯ್ಯಿ ಆ ಊರಲ್ಲಿ ಇವತ್ತಿಗೂ ನಡೆದಿದೆ. ಈಗ ಅದನ್ನು ಶುರು ಮಾಡಿದ್ದು ಯಾರು ಅಂತ ಕೇಳಿದರೆ ಪ್ರತಿಯೊಬ್ಬ ಹೆಂಗಸೂ ನಾನೇ ಅನ್ನುತ್ತಾಳೆ.

ಮೊನ್ನೆ ಶಾಲೆ ಶುರುವಾದ ಮೊದಲ ದಿನ ರಿಜಿಸ್ಟರಿಗೆ ಗೆರೆ ಹಾಕುತ್ತಾ ಕುಳಿತಿದ್ದೆ. ಹೊರಗೆ ಸೈಕಲ್ಲು ನಿಂತ ಸದ್ದಾಯಿತು. ತಲೆ ಎತ್ತಿದರೆ ಬಾಗಿಲಲ್ಲಿ ಅದೇ ಹುಡುಗಿ, ಈಗ ಒಂಬತ್ತನೇ ತರಗತಿ, ಹೈಸ್ಕೂಲಿನ ಸಮವಸ್ತ್ರ, ಜಡೆ ಅವೇ ಎರಡು. ಅವಳ ಕೈ ಹಿಡಿದುಕೊಂಡು ಆರು ವರ್ಷದ ಒಬ್ಬ ಹುಡುಗ ನಿಂತಿದ್ದ. ಹೊಸ ಚೀಲ ಅವನ ಬೆನ್ನಿಗಿಂತ ದೊಡ್ಡದಿತ್ತು.

"ಟೀಚರ್, ಕೂಸು ತಂದೀನಿ" ಅಂದಳು, ನಗು ತಡೆಯುತ್ತಾ. "ಒಳಗ ಬರ್ಲಾ?"

ಎದ್ದು ಹೋಗಿ ಇಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡೆ. ಆ ಹುಡುಗ ನನ್ನ ಪಾಠಯೋಜನೆಯ ಪುಸ್ತಕವನ್ನು ನೋಡುತ್ತಿದ್ದ. ಅದನ್ನು ಎತ್ತಿ ಬೀರುವಿನಲ್ಲಿಟ್ಟು, ರಿಜಿಸ್ಟರಿನಲ್ಲಿ ಒಂದನೇ ತರಗತಿಯ ಮೊದಲ ಸಾಲಿನಲ್ಲಿ ಅವನ ಹೆಸರು ಬರೆದೆ. ಹುಡುಗಿ ಯಾರೂ ಹೇಳದೆಯೇ ಒದ್ದೆ ಬಟ್ಟೆ ಹುಡುಕಿ, ಹಲಗೆ ಒರೆಸಿ, ಊದಿ, ಎರಡೂ ಅಂಕಿ ಬರೆದಳು. ಎರಡೂ ಒಂದೇ ಇತ್ತು.

"ನಿಮ್ಮ ಸಾಲಿ ಗಂಟಿ ಹೊಡದಿರ್ತಾರಲೇ, ಓಡು!" ಅಂತ ಗದರಿದೆ.

"ಹೈಸ್ಕೂಲಿನಾಗ ನಂದು ಇನ್ನಾ ಒಂದಿನಾನೂ ತಪ್ಪಿಲ್ರಿ ಟೀಚರ್" ಅಂದು ಸೈಕಲ್ಲು ಹತ್ತಿ ಹೋದಳು. ಅವಳ ತಮ್ಮ ಕಿಟಕಿಯವರೆಗೂ ಹೋಗಿ ಅಕ್ಕನನ್ನು ನೋಡಿ ಬಂದ. ಆಮೇಲೆ ಮುಂದಿನ ಸಾಲಿನಲ್ಲಿ ತನ್ನ ಜಾಗ ಹಿಡಿದು ಕುಳಿತುಕೊಂಡ.